ಕೈರುಚಿಯಿಂದ ಲೈಸೆನ್ಸ್‌ವರೆಗೆ: ಮನೆ ಅಡುಗೆ ಉದ್ಯಮವಾಗುವಾಗ ನಿಜಕ್ಕೂ ಬದಲಾಗುವುದೇನು?

ಮೊದಲು ಅಕ್ಕಪಕ್ಕದವರು ಕೇಳುತ್ತಾರೆ. ಆಮೇಲೆ ಅವರ ನೆಂಟರು. ಆಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ: "ನಿಮ್ಮ ಉಪ್ಪಿನಕಾಯಿ ಚೆನ್ನಾಗಿರುತ್ತಂತೆ, ನಾಲ್ಕು ಬಾಟಲಿ ಸಿಗುತ್ತಾ?" ಹೀಗೆ ಬೆಳೆಯುತ್ತಾ ಒಂದು ದಿನ ಅಂಗಡಿಯವರೊಬ್ಬರು ತಿಂಗಳಿಗೆ ಇನ್ನೂರು ಬಾಟಲಿ ಕೊಡಿ ಅನ್ನುತ್ತಾರೆ. ಖುಷಿಯಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಲೇಬಲ್ ಮೇಲೆ ಲೈಸೆನ್ಸ್ ನಂಬರ್ ಇರಲೇಬೇಕು."

ಮನೆಯಲ್ಲೇ ತಿನಿಸು ಮಾಡಿ ಮಾರುವವರು ಎಲ್ಲ ಕಡೆ ಹೆಚ್ಚುತ್ತಿದ್ದಾರೆ. ಫೋನಿನಲ್ಲೇ ಗಿರಾಕಿ ಸಿಗುತ್ತಾರೆ, ದುಡ್ಡೂ ಫೋನಿಗೇ ಬರುತ್ತದೆ. ಅಂಗಡಿ ಇಡುವ ಖರ್ಚಿಲ್ಲ. ಶುರು ಮಾಡುವುದು ಹಿಂದೆಂದಿಗಿಂತ ಸುಲಭ. ಆದರೆ ಶುರು ಮಾಡಿದವರಲ್ಲಿ ಬಹಳಷ್ಟು ಜನ ಈ ಇನ್ನೂರು ಬಾಟಲಿಯ ಹತ್ತಿರ ಬಂದು ನಿಂತುಬಿಡುತ್ತಾರೆ. ಕೆಲವರು ಹೆದರಿ ಹಿಂದೆ ಸರಿಯುತ್ತಾರೆ. ಕೆಲವರು ಸಾಲ ಮಾಡಿ, ಕಟ್ಟಡ ಹಿಡಿದು, ಮಿಷನ್ ತಂದು ಕೂರಿಸಿ, ಆಮೇಲೆ ಕೈ ಸುಟ್ಟುಕೊಳ್ಳುತ್ತಾರೆ.

ಎರಡಕ್ಕೂ ಕಾರಣ ಒಂದೇ ಅಂತ ನನಗೆ ಅನ್ನಿಸುತ್ತದೆ. ಲೈಸೆನ್ಸ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಟೈಲ್ಸ್ ಹಾಕಿದ ಗೋಡೆ, ಸ್ಟೀಲ್ ಮೇಜು, ದೊಡ್ಡ ಮಿಷನ್. ಅವೂ ಬೇಕು. ಆದರೆ ಲೈಸೆನ್ಸ್ ಕೇಳುವ ಮುಖ್ಯ ಪ್ರಶ್ನೆ ಬೇರೆಯೇ ಇದೆ. ನೀವು ಆ ಅಡುಗೆಮನೆಯಲ್ಲಿ ಇಲ್ಲದ ದಿನವೂ, ನಿಮ್ಮ ಮುಖವನ್ನೇ ನೋಡದವರು ಮೂರು ತಿಂಗಳ ನಂತರ ಮುಚ್ಚಳ ತೆಗೆದು ತಿಂದರೂ, ಆ ಬಾಟಲಿ ಸುರಕ್ಷಿತ ಅಂತ ಯಾವ ಆಧಾರದ ಮೇಲೆ ಹೇಳುತ್ತೀರಿ? ಇದಕ್ಕೆ ಉತ್ತರ ಕಟ್ಟಡದಲ್ಲಿ ಸಿಗುವುದಿಲ್ಲ. ಅದನ್ನು ಮನೆಯಲ್ಲಿದ್ದಾಗಲೇ, ಲೈಸೆನ್ಸ್‌ಗೆ ಅರ್ಜಿ ಹಾಕುವ ಮೊದಲೇ ಕಟ್ಟಿಕೊಳ್ಳಬೇಕು.

ಮನೆಯವರಿಗೆ ಬಡಿಸುವಾಗ ಅಡುಗೆಗೂ ಊಟಕ್ಕೂ ನಡುವೆ ಕೆಲವು ಗಂಟೆ ಇರುತ್ತದೆ ಅಷ್ಟೇ. ವಾಸನೆ ಬಂದರೆ ಎಸೆಯುತ್ತೀರಿ. ಯಾರಿಗೆ ಏನು ಆಗಿಬರುವುದಿಲ್ಲ ಅಂತ ಗೊತ್ತಿರುತ್ತದೆ. ಅಂಗಡಿಯ ಕಪಾಟಿಗೆ ಹೋದ ಬಾಟಲಿಗೆ ಈ ಕಾವಲು ಇಲ್ಲ. ಅದು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಹೋಗಬಹುದು. ತಿನ್ನುವವರು ಪುಟ್ಟ ಮಗುವೋ, ಬಸುರಿಯೋ, ಆಗಷ್ಟೇ ಕಾಯಿಲೆಯಿಂದ ಎದ್ದವರೋ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ. ಸಾಯುವವರಲ್ಲಿ ಸುಮಾರು 1.25 ಲಕ್ಷ ಐದು ವರ್ಷದೊಳಗಿನ ಮಕ್ಕಳು. ಲೈಸೆನ್ಸ್ ಕೊಡುವವರು ಯಾಕೆ ಇಷ್ಟು ಪ್ರಶ್ನೆ ಕೇಳುತ್ತಾರೆ ಅನ್ನುವುದಕ್ಕೆ ಈ ಲೆಕ್ಕವೇ ಸಾಕು.

ಎರಡು ಸಂಖ್ಯೆಗಳ ಕಥೆ

ಮನೆಯಲ್ಲಿ ಮಾಡಿ ಮಾರಲು ಸುಲಭದ ಅನುಮತಿ ಕೊಡುವ ಬಹುತೇಕ ಕಡೆ ಬ್ರೆಡ್, ಬಿಸ್ಕೆಟ್, ಜಾಮ್, ಒಣ ಪುಡಿಗಳಿಗೆ ಸಲೀಸಾಗಿ ಒಪ್ಪಿಗೆ ಸಿಗುತ್ತದೆ. ಮಾಂಸ, ಹಾಲಿನ ಪದಾರ್ಥ, ಡಬ್ಬಿಯಲ್ಲಿ ಸೀಲ್ ಮಾಡಿದ ಬೇಯಿಸಿದ ತರಕಾರಿ ಅಂದರೆ ತಕರಾರು ಶುರುವಾಗುತ್ತದೆ. "ನಾನು ಜಾಮ್ ಮಾಡುವಷ್ಟೇ ಶುದ್ಧವಾಗಿ ಸೂಪನ್ನೂ ಮಾಡ್ತೀನಿ, ಅದಕ್ಕೇಕೆ ಇಷ್ಟು ರಗಳೆ?" ಅಂತ ಬೇಸರಪಡುವವರನ್ನು ನೋಡಿದ್ದೇನೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ವಿಷಯ ಅವರ ಶುದ್ಧತೆಯದ್ದಲ್ಲ, ಪದಾರ್ಥದ ಗುಣದ್ದು.

ಒಂದು ತಿನಿಸು ಕಪಾಟಿನಲ್ಲಿ ಕೆಡದೆ ಇರುತ್ತದೋ ಇಲ್ಲವೋ ಅನ್ನುವುದನ್ನು ಬಹುಪಾಲು ಎರಡು ಅಳತೆಗಳು ತೀರ್ಮಾನಿಸುತ್ತವೆ. ಒಂದು ಹುಳಿ, ಅಂದರೆ ಪಿಎಚ್. ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಇನ್ನೊಂದು ವಾಟರ್ ಆಕ್ಟಿವಿಟಿ. ಇದು ತಿನಿಸಿನಲ್ಲಿ ಒಟ್ಟು ಎಷ್ಟು ನೀರಿದೆ ಅನ್ನುವ ಲೆಕ್ಕವಲ್ಲ. ಸೂಕ್ಷ್ಮಜೀವಿಗಳ ಕೈಗೆ ಸಿಗುವಂತೆ ಎಷ್ಟು ನೀರು ಬಿಡುವಾಗಿದೆ ಅನ್ನುವ ಲೆಕ್ಕ. ಬರೀ ನೀರಿಗೆ ಇದು 1. ಸಕ್ಕರೆ, ಉಪ್ಪು ಸೇರಿಸಿದರೆ ಅವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಸಂಖ್ಯೆ ಇಳಿಯುತ್ತದೆ. ಒಣಗಿಸಿದರೂ ಇಳಿಯುತ್ತದೆ. ಜಾಮ್ ನೋಡಲು ಒದ್ದೆ ಒದ್ದೆಯಾಗಿದ್ದರೂ ಬೇಗ ಕೆಡದಿರುವುದು ಇದಕ್ಕೇ. ಅದರ ನೀರೆಲ್ಲ ಸಕ್ಕರೆಯ ಹಿಡಿತದಲ್ಲಿದೆ, ಜೊತೆಗೆ ಹಣ್ಣಿನ ಹುಳಿಯೂ ಇದೆ.

ಈ ಎರಡರಲ್ಲಿ ನೆನಪಿಡಬೇಕಾದ ಗೆರೆಗಳು ಪಿಎಚ್ 4.6 ಮತ್ತು ವಾಟರ್ ಆಕ್ಟಿವಿಟಿ 0.85. ಪಿಎಚ್ 4.6ಕ್ಕಿಂತ ಕೆಳಗೆ ಇದ್ದರೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಲಾರದು. ವಾಟರ್ ಆಕ್ಟಿವಿಟಿ 0.85ಕ್ಕಿಂತ ಕೆಳಗೆ ಇದ್ದರೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳ ಆಟ ಹೆಚ್ಚುಕಡಿಮೆ ನಿಲ್ಲುತ್ತದೆ. ಬೂಷ್ಟು ಮಾತ್ರ ಇನ್ನೂ ಕೆಳಗಿನವರೆಗೂ ಬೆಳೆಯಬಲ್ಲದು. ಹಾಗಾಗಿ ಒಣ ಪದಾರ್ಥದಲ್ಲೂ ತೇವ ಸೇರದಂತೆ ಪ್ಯಾಕ್ ಮಾಡಲೇಬೇಕು.

ಬೊಟುಲಿನಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ನಮ್ಮ ಅಡುಗೆಮನೆಯ ಬುದ್ಧಿ ಸೋಲುವುದು ಇಲ್ಲೇ. "ಚೆನ್ನಾಗಿ ಕುದಿಸಿದ್ದೀನಿ, ಎಣ್ಣೆ ತೇಲಿಸಿದ್ದೀನಿ, ಗಾಳಿ ಹೋಗದ ಹಾಗೆ ಮುಚ್ಚಿದ್ದೀನಿ, ಇನ್ನೇನು ಭಯ?" ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇರುತ್ತದೆ, ಮಣ್ಣಿನಿಂದ ಬೇರು, ಗೆಡ್ಡೆಗಳಿಗೆ ಬರುತ್ತದೆ. ಕಷ್ಟ ಬಂದಾಗ ಸ್ಪೋರ್ ಅನ್ನುವ ಗಟ್ಟಿ ಕವಚದೊಳಗೆ ಸೇರಿಕೊಳ್ಳುತ್ತದೆ. ಆ ಕವಚ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಲೆಕ್ಕ ಹಾಕಿದ ಸಮಯದವರೆಗೆ ಹಿಡಿದಿಟ್ಟರೇ ಅದು ಸಾಯುವುದು. ಅಷ್ಟೇ ಅಲ್ಲ, ಇದು ಬೆಳೆಯುವುದೇ ಗಾಳಿ ಇಲ್ಲದ ಕಡೆ. ನಾವು ರಕ್ಷಣೆ ಅಂತ ಹಾಕಿದ ಎಣ್ಣೆ, ಬಿಗಿ ಮುಚ್ಚಳ ಎರಡೂ ಅದಕ್ಕೆ ಅನುಕೂಲ ಮಾಡಿಕೊಡುತ್ತವೆ. ವಾಸನೆ, ರುಚಿಯಲ್ಲಿ ವ್ಯತ್ಯಾಸ ಕಾಣದೆಯೂ ಇರಬಹುದು.

1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಆಗಿದ್ದು ಇದೇ. ಹೆಚ್ಚಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹಾಕಿದ ಬಾಟಲಿಯನ್ನು ಒಂದು ಹೋಟೆಲಿನಲ್ಲಿ ಫ್ರಿಜ್‌ನಿಂದ ಹೊರಗೆ ಇಟ್ಟಿದ್ದರು. ಅಲ್ಲಿ ತಿಂದ 36 ಜನ ಬೊಟುಲಿಸಂನಿಂದ, ಅಂದರೆ ಈ ಬ್ಯಾಕ್ಟೀರಿಯಾದ ವಿಷದಿಂದ, ಕಾಯಿಲೆ ಬಿದ್ದರು. ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಎಣ್ಣೆಯೊಳಗೆ ಗಾಳಿ ಇಲ್ಲ. ಹೊರಗೆ ತಂಪಿಲ್ಲ. ಮೂರೂ ಕೂಡಿ ಬಂದವು. ನಾಲ್ಕು ವರ್ಷದ ನಂತರ ಅಮೆರಿಕದಲ್ಲೂ ಅಂಥದ್ದೇ ಪ್ರಕರಣ ಆಯಿತು. ಇಂಥ ಪದಾರ್ಥವನ್ನು ಹುಳಿಗೊಳಿಸಿಯೇ ಮಾರಬೇಕು ಅಂತ ಅಲ್ಲಿನ ಸರ್ಕಾರ ಹೇಳಿದ್ದು ಆಮೇಲೆ.

ಉದ್ಯಮದ ಲೆಕ್ಕದಲ್ಲಿ ಇದರ ಅರ್ಥ ಇಷ್ಟು. ನೀವು ಮಾಡುವ ಹತ್ತು ತಿನಿಸುಗಳಲ್ಲಿ ಯಾವುದನ್ನು ಮೊದಲು ದೊಡ್ಡದು ಮಾಡಬೇಕು ಅಂತ ತೀರ್ಮಾನಿಸುವಾಗ, ಯಾವುದಕ್ಕೆ ಬೇಡಿಕೆ ಜಾಸ್ತಿ ಅಂತಷ್ಟೇ ನೋಡಬೇಡಿ. ಅದು ಈ ಎರಡು ಗೆರೆಗಳ ಯಾವ ಕಡೆ ನಿಂತಿದೆ ನೋಡಿ. ಹುಳಿ ಸಾಕಷ್ಟಿರುವ ಅಥವಾ ಚೆನ್ನಾಗಿ ಒಣಗಿದ ಪದಾರ್ಥಕ್ಕೆ ಲೈಸೆನ್ಸ್ ದಾರಿ ಚಿಕ್ಕದು, ಖರ್ಚೂ ಕಡಿಮೆ. ಹುಳಿಯಿಲ್ಲದ, ಒದ್ದೆಯಾದ, ಸೀಲ್ ಮಾಡಿದ ಪದಾರ್ಥವನ್ನು ಹೊರಗಿನ ತಾಪದಲ್ಲಿ ಇಟ್ಟು ಮಾರಬೇಕಾದರೆ ಒತ್ತಡದಲ್ಲಿ ಕಾಯಿಸುವ ಉಪಕರಣ, ತಜ್ಞರ ಲೆಕ್ಕ, ಪ್ರತಿ ಬ್ಯಾಚಿನ ದಾಖಲೆ ಎಲ್ಲ ಬೇಕು. ಅದನ್ನೇ ಮೊದಲ ಹೆಜ್ಜೆ ಮಾಡಿಕೊಳ್ಳಬೇಡಿ ಅಂತ ನಾನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ.

ಪಿಎಚ್ ನೋಡಲು ಬಣ್ಣದ ಕಾಗದ ಸಾಲದು. ಗೆರೆಯ ಹತ್ತಿರ ಇರುವ ಪದಾರ್ಥಕ್ಕೆ ಅದರ ಅಂದಾಜು ತೀರಾ ಒರಟು. ಚಿಕ್ಕ ಪಿಎಚ್ ಮೀಟರ್ ಕೊಳ್ಳಿ. ಬಳಸುವ ಮುಂಚೆ ಪಿಎಚ್ 4 ಮತ್ತು 7 ಅಂತ ಮೊದಲೇ ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಅದ್ದಿ ಸರಿಮಾಡಿಕೊಳ್ಳಿ. ತುಂಬ ಜನ ತಪ್ಪುವುದು ಇನ್ನೊಂದು ಕಡೆ. ಬಾಟಲಿಯ ರಸದಲ್ಲಿ ಮೀಟರ್ ಅದ್ದಿ, "ಆಹಾ, 3.5 ಇದೆ" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಹುಳಿ ಇನ್ನೂ ಹೋಳಿನ ನಡುವಿಗೆ ಇಳಿದಿರುವುದಿಲ್ಲ. ಹೋಳಿಗೂ ರಸಕ್ಕೂ ಹುಳಿ ಸಮವಾಗುವಷ್ಟು ಸಮಯ ಬಿಟ್ಟು, ಎರಡನ್ನೂ ಸೇರಿಸಿ ರುಬ್ಬಿ ನೋಡಿದಾಗ ಸಿಗುವ ಸಂಖ್ಯೆಯೇ ನಿಜವಾದದ್ದು. ವಾಟರ್ ಆಕ್ಟಿವಿಟಿ ಅಳೆಯುವ ಉಪಕರಣ ದುಬಾರಿ. ಅದನ್ನು ಲ್ಯಾಬ್‌ನಲ್ಲಿ ಮಾಡಿಸಿದರೆ ಸಾಕು.

ಪಾತ್ರೆ ದೊಡ್ಡದಾದರೆ ಅಡುಗೆಯೇ ಬೇರೆ

"ಎರಡು ಲೀಟರ್ ಮಾಡ್ತಿದ್ದೆ, ಈಗ ಇಪ್ಪತ್ತು ಲೀಟರ್. ಎಲ್ಲ ಹತ್ತು ಪಟ್ಟು ಹಾಕಿದರೆ ಆಯಿತು." ನಮ್ಮ ಅತ್ತಿಗೆಯೂ ಹೀಗೇ ಅಂದುಕೊಂಡಿದ್ದರು. ಅವರ ಟೊಮೆಟೊ ಸಾಸ್‌ಗೆ ಒಳ್ಳೆ ಹೆಸರಿತ್ತು. ದೊಡ್ಡ ಆರ್ಡರ್ ಬಂದಾಗ ದೊಡ್ಡ ಕೊಪ್ಪರಿಗೆ ತಂದು ಸಂಜೆ ಕುದಿಸಿ, ಬೆಳಗ್ಗೆ ತುಂಬಿದರಾಯಿತು ಅಂತ ಮುಚ್ಚಿಟ್ಟು ಮಲಗಿದರು. ಬೆಳಗ್ಗೆ ನಾನೂ ಬಾಟಲಿ ಒರೆಸುವುದಕ್ಕೆ ಹೋಗಿದ್ದೆ. ಕೊಪ್ಪರಿಗೆಯ ಹೊರಮೈ ಮುಟ್ಟಿದರೆ ತಣ್ಣಗಿತ್ತು. ನಡುವೆ ಸೌಟು ಇಳಿಸಿ ತೆಗೆದರೆ ಸಾಸ್ ಇನ್ನೂ ಬೆಚ್ಚಗಿತ್ತು. ಮೂಗಿಗೆ ಒಂಥರಾ ಹುಳಿ ಹುಳಿ ವಾಸನೆ. ಅತ್ತಿಗೆ ಒಂದು ಮಾತೂ ಆಡದೆ ಅಷ್ಟನ್ನೂ ಚೆಲ್ಲಿಬಿಟ್ಟರು. ಆಮೇಲೆ ಆ ಖಾಲಿ ಕೊಪ್ಪರಿಗೆಯನ್ನು ತುಂಬ ಹೊತ್ತು ತಿಕ್ಕುತ್ತಾ ಕೂತಿದ್ದರು.

ಅವರ ತಪ್ಪೇನೂ ಇರಲಿಲ್ಲ. ಪಾತ್ರೆಯ ಅಗಲ, ಉದ್ದ, ಎತ್ತರ ಎಲ್ಲ ಎರಡರಷ್ಟಾದರೆ ಒಳಗೆ ಹಿಡಿಯುವ ಪದಾರ್ಥ ಎಂಟರಷ್ಟಾಗುತ್ತದೆ. ಆದರೆ ಬಿಸಿ ಹೊರಗೆ ಹೋಗುವ ಮೈ ನಾಲ್ಕರಷ್ಟೇ ಆಗುತ್ತದೆ. ಗಟ್ಟಿ ಪದಾರ್ಥದಲ್ಲಂತೂ ದಪ್ಪ ಎರಡರಷ್ಟಾದರೆ ನಡುಭಾಗ ಆರಲು ಬೇಕಾದ ಸಮಯ ಸುಮಾರು ನಾಲ್ಕರಷ್ಟಾಗುತ್ತದೆ. ಇತ್ತ ಬ್ಯಾಕ್ಟೀರಿಯಾ ಸುಮ್ನೆ ಕೂರುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ತಾಪವನ್ನು ಅಪಾಯದ ವಲಯ ಅಂತ ವಿಶ್ವ ಆರೋಗ್ಯ ಸಂಸ್ಥೆ ಕರೆಯುತ್ತದೆ. ಹಿತವಾದ ಬೆಚ್ಚಗೆ, ಬೇಕಾದ ಪೋಷಣೆ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಎಂಟು ಗಂಟೆಯಲ್ಲಿ 24 ಸಲ ಎರಡಾದರೆ ಒಂದು ಹೋಗಿ 1.6 ಕೋಟಿ ದಾಟುತ್ತದೆ. ಅದಕ್ಕೇ ಅಮೆರಿಕದ ಮಾದರಿ ಆಹಾರ ನಿಯಮಗಳಲ್ಲಿ ಬೇಯಿಸಿದ ಆಹಾರವನ್ನು 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಸಬೇಕು ಅಂತ ಬರೆದಿದ್ದಾರೆ.

ಪರಿಹಾರ ಸರಳ. ಅಗಲವಾದ, ಆಳವಿಲ್ಲದ ತಟ್ಟೆಗಳಿಗೆ ಸುರಿಯುವುದು. ಐಸ್ ನೀರಿನಲ್ಲಿ ಪಾತ್ರೆ ಇಟ್ಟು ಕೈಯಾಡಿಸುವುದು. ಇಲ್ಲವೇ ಆರಲು ಬಿಡದೆ ಕುದಿ ಬಿಸಿಯಲ್ಲೇ ಬಾಟಲಿಗೆ ತುಂಬುವುದು. ಈ ಕೊನೆಯದು ಹುಳಿ ಪದಾರ್ಥಕ್ಕೆ ಮಾತ್ರ. ಅತ್ತಿಗೆ ಈಗ ಹೀಗೇ ತುಂಬುತ್ತಾರೆ. ತುಂಬುವಾಗ ಥರ್ಮಾಮೀಟರ್ ಸೆರಗಿಗೆ ಸಿಕ್ಕಿಸಿಕೊಂಡಿರುತ್ತಾರೆ.

ಬಿಸಿಯೊಂದೇ ಅಲ್ಲ, ಹದವೂ ಬದಲಾಗುತ್ತದೆ. ಪದಾರ್ಥಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆಯಾದ್ದರಿಂದ ನೀರು ನಿಧಾನವಾಗಿ ಆವಿಯಾಗುತ್ತದೆ. ಜಾಮ್ ಹೆಚ್ಚು ಹೊತ್ತು ಒಲೆ ಮೇಲೆ ಕೂತು ಬಣ್ಣ ಕೆಡುತ್ತದೆ, ಹಣ್ಣಿನ ಘಮ ಹೋಗುತ್ತದೆ. ತಳ ಹಿಡಿಯುವುದೂ ಬೇಗ. ಮಸಾಲೆಯನ್ನು ಲೆಕ್ಕದ ಪ್ರಕಾರ ಹತ್ತು ಪಟ್ಟು ಹಾಕಿದರೂ ರುಚಿ ಬೇರೆಯೇ ಬರುತ್ತದೆ. ಆದ್ದರಿಂದ ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಎಂಟಕ್ಕೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಜಾಮ್‌ನ ಪಾಕ ಬಂತೋ ಇಲ್ಲವೋ ಅಂತ ತಟ್ಟೆ ಮೇಲೆ ಹನಿ ಬಿಟ್ಟು ನೋಡುತ್ತಿದ್ದವರು ಕರಗಿದ ಸಕ್ಕರೆಯ ಅಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಹಿಡಿಯಬೇಕು. ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗ ಜಾಮ್‌ನಲ್ಲಿ ಕರಗಿದ ಘನಾಂಶ ಸಾಮಾನ್ಯವಾಗಿ ಶೇಕಡ 60ರಿಂದ 65 ಅಥವಾ ಹೆಚ್ಚು ಇರಬೇಕು ಅನ್ನುತ್ತದೆ. ಆ ಪುಟ್ಟ ಉಪಕರಣದಲ್ಲಿ ಒಂದು ಹನಿ ಹಾಕಿ ಕಣ್ಣಿಟ್ಟರೆ ಅದು ಅಲ್ಲೇ ಕಾಣುತ್ತದೆ.

ನೀವು ಈಗಲೇ ಒಂದು ಕೆಲಸ ಮಾಡಿ ನೋಡಿ. ದಿನಾ ಹಾಕುವ ಹಾಗೆಯೇ ಒಂದು ಹಿಡಿ ಉಪ್ಪು ತೆಗೆದು ತೂಕ ಮಾಡಿ ಬರೆದಿಟ್ಟುಕೊಳ್ಳಿ. ಹತ್ತು ಸಲ ಹೀಗೆ ಮಾಡಿ. ಆಮೇಲೆ ಮನೆಯ ಇನ್ನೊಬ್ಬರ ಕೈಯಲ್ಲಿ ಹತ್ತು ಸಲ ಮಾಡಿಸಿ. ಇಬ್ಬರ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಕೈಗುಣ ಅಂತ ನಾವು ಪ್ರೀತಿಯಿಂದ ಕರೆಯುವುದು ಒಬ್ಬರ ಕೈಯಲ್ಲಿರುವಷ್ಟು ದಿನ ಸೊಗಸು. ಕೆಲಸಕ್ಕೆ ಇಬ್ಬರು ಬಂದ ದಿನ ಅದು ಗ್ರಾಂ ಆಗಲೇಬೇಕು. ಲೋಟ, ಚಮಚದಲ್ಲೂ ಬೇಡ, ತೂಕದಲ್ಲೇ ಬರೆಯಿರಿ. ಉಪ್ಪಿನ ಹರಳು ದೊಡ್ಡದಿದ್ದರೆ ಒಂದೇ ಲೋಟದಲ್ಲಿ ಬೇರೆ ತೂಕ ಬರುತ್ತದೆ.

ಬರೆದಿಡುವುದು ಯಾಕೆ?

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಇಷ್ಟೆಲ್ಲ ಯಾಕೆ, ಪ್ರತಿ ಬ್ಯಾಚಿನಿಂದ ಐದು ಬಾಟಲಿ ಲ್ಯಾಬ್‌ಗೆ ಕಳಿಸಿದರೆ ಆಗುವುದಿಲ್ಲವಾ?

ಲೆಕ್ಕ ಹಾಕಿ. ನೂರಕ್ಕೆ ಒಂದು ಬಾಟಲಿ ಕೆಟ್ಟಿದೆ ಅಂದುಕೊಳ್ಳಿ. ಐದು ಬಾಟಲಿ ಪರೀಕ್ಷೆ ಮಾಡಿದರೆ ಕೆಟ್ಟದ್ದು ಕೈಗೆ ಸಿಗದೆ ತಪ್ಪಿಸಿಕೊಳ್ಳುವ ಸಾಧ್ಯತೆ ಶೇಕಡ 95. ಅರವತ್ತು ಬಾಟಲಿ ಒಡೆದು ನೋಡಿದರೂ ಶೇಕಡ 55ರಷ್ಟು ಸಲ ಅದು ತಪ್ಪಿಸಿಕೊಳ್ಳುತ್ತದೆ. ಎಲ್ಲ ಬಾಟಲಿ ಪರೀಕ್ಷೆ ಮಾಡಿದರೆ ಮಾರಲು ಏನೂ ಉಳಿಯುವುದಿಲ್ಲ. ಪರೀಕ್ಷೆ ಬೇಡ ಅಂತ ಹೇಳುತ್ತಿಲ್ಲ. ಪರೀಕ್ಷೆಯೊಂದನ್ನೇ ನೆಚ್ಚಿಕೊಂಡರೆ ಆಗುವುದಿಲ್ಲ ಅಷ್ಟೇ.

ಗಗನಯಾತ್ರಿಗಳ ಊಟ ಮಾಡಿಕೊಡಲು ಹೊರಟವರಿಗೂ ಇದೇ ತಲೆನೋವು ಬಂದಿತ್ತು. 1959ರ ಸುಮಾರಿಗೆ ಅಮೆರಿಕದ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಅಲ್ಲಿನ ಸೇನೆಯ ನೇಟಿಕ್ ಪ್ರಯೋಗಾಲಯ ಸೇರಿ ಈ ಕೆಲಸಕ್ಕೆ ಕೈಹಾಕಿದವು. ಬಾಹ್ಯಾಕಾಶದಲ್ಲಿ ಯಾರಿಗೂ ಹೊಟ್ಟೆ ಕೆಡಬಾರದು. ತಯಾರಾದದ್ದನ್ನೆಲ್ಲ ಪರೀಕ್ಷೆ ಮಾಡುತ್ತಾ ಹೋದರೆ ತಿನ್ನುವುದಕ್ಕೆ ಸ್ವಲ್ಪವೇ ಉಳಿಯುತ್ತಿತ್ತು. ಪಿಲ್ಸ್‌ಬರಿಯ ವಿಜ್ಞಾನಿ ಹೋವರ್ಡ್ ಬೌಮನ್ ಮತ್ತು ಜೊತೆಗಾರರು ಲೆಕ್ಕವನ್ನೇ ತಿರುಗಿಸಿದರು. ಕೊನೆಯಲ್ಲಿ ಹುಡುಕುವ ಬದಲು, ಎಲ್ಲೆಲ್ಲಿ ಕೆಡಬಹುದು ಅಂತ ಮೊದಲೇ ಯೋಚಿಸಿ, ಆ ಜಾಗದಲ್ಲಿ ಕಾವಲು ಹಾಕಿದರು. ಇದೇ ಎಚ್‌ಎಸಿಸಿಪಿ, ಬಾಯಿಮಾತಿನಲ್ಲಿ ಹ್ಯಾಸಪ್. ಕೋಡೆಕ್ಸ್ ಇದರ ಮಾರ್ಗಸೂಚಿಯನ್ನು 1993ರಲ್ಲಿ ಒಪ್ಪಿಕೊಂಡಿತು. ಈಗ ಜಗತ್ತಿನ ಬಹುಪಾಲು ಆಹಾರ ಕಾನೂನುಗಳ ಬೆನ್ನೆಲುಬು ಅದೇ.

ಹೆಸರು ಕೇಳಿ ಹೆದರಬೇಕಿಲ್ಲ. ಉಪ್ಪಿನಕಾಯಿಯಂಥ ಹುಳಿ ಪದಾರ್ಥ ಮಾಡುವ ಚಿಕ್ಕ ಘಟಕದಲ್ಲಿ ನಿಜವಾದ ಕಾವಲು ಜಾಗ ಒಂದೋ ಎರಡೋ ಇರುತ್ತದೆ. ಪಿಎಚ್ ಗೆರೆಯ ಕೆಳಗೆ ಬಂತಾ? ತುಂಬುವಾಗ ಬಿಸಿ ಸಾಕಷ್ಟಿತ್ತಾ? ಗೆರೆ ಯಾವುದು, ಯಾರು ಯಾವಾಗ ನೋಡುತ್ತಾರೆ, ಎಲ್ಲಿ ಬರೆಯುತ್ತಾರೆ, ತಪ್ಪಿದರೆ ಆ ಬ್ಯಾಚನ್ನು ಏನು ಮಾಡುತ್ತಾರೆ, ನೋಡುವ ಉಪಕರಣ ಸರಿಯಿದೆಯಾ ಅಂತ ಹೇಗೆ ತಿಳಿಯುತ್ತದೆ. ಇಷ್ಟನ್ನು ನಿಮ್ಮ ಮಾತಿನಲ್ಲೇ ಬರೆದರೆ ಮುಕ್ಕಾಲು ಕೆಲಸ ಮುಗಿಯಿತು.

ಬ್ಯಾಚ್ ನಂಬರ್ ಅನ್ನುವುದನ್ನು ತುಂಬ ಜನ ಸುಮ್ನೆ ಒಂದು ಶಾಸ್ತ್ರ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ದಿನ ಒಬ್ಬರು ಫೋನ್ ಮಾಡಿ "ಬಾಟಲಿಯಲ್ಲಿ ಗಾಜಿನ ಚೂರು ಸಿಕ್ಕಿತು" ಅನ್ನುತ್ತಾರೆ. ನಂಬರ್ ಇದ್ದರೆ ಪುಸ್ತಕ ತೆಗೆದು, ಆ ದಿನ ತುಂಬಿದ ಎಂಬತ್ತು ಬಾಟಲಿ ಯಾವ ಮೂರು ಅಂಗಡಿಗೆ ಹೋಗಿವೆ ಅಂತ ಹತ್ತು ನಿಮಿಷದಲ್ಲಿ ಹೇಳಬಹುದು. ಆ ಎಂಬತ್ತನ್ನು ವಾಪಸ್ ತರಿಸಿದರೆ ಆಯಿತು. ನಂಬರ್ ಇಲ್ಲದಿದ್ದರೆ? ಮಾರುಕಟ್ಟೆಯಲ್ಲಿರುವ ನಿಮ್ಮ ಅಷ್ಟೂ ಬಾಟಲಿಗಳ ಮೇಲೆ ಅನುಮಾನ ಬರುತ್ತದೆ. ಪ್ರತಿ ಸಾಮಾನು ಯಾರಿಂದ ಬಂತು, ಪ್ರತಿ ಬಾಟಲಿ ಯಾರಿಗೆ ಹೋಯಿತು, ಹೀಗೆ ಒಂದು ಹೆಜ್ಜೆ ಹಿಂದೆ ಒಂದು ಹೆಜ್ಜೆ ಮುಂದೆ ತೋರಿಸುವಂತಿರಬೇಕು ಅನ್ನುವುದು ಬಹಳ ಕಡೆಯ ನಿಯಮ. 1971ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಕಾಯಿಸದ ಡಬ್ಬಿ ಸೂಪ್ ತಿಂದು ಒಬ್ಬರು ಬೊಟುಲಿಸಂನಿಂದ ತೀರಿಕೊಂಡರು. ವಾಪಸಾತಿ ಒಂದು ಬ್ಯಾಚಿನಿಂದ ಶುರುವಾಗಿ ಕಂಪನಿಯ ಎಲ್ಲ ಡಬ್ಬಿಗಳಿಗೂ ಹರಡಿತು. ಹೆಚ್ಚು ದಿನ ಆಗುವ ಮೊದಲೇ ಕಂಪನಿ ದಿವಾಳಿ ಎದ್ದಿತು.

ಲೇಬಲ್ ಬಗ್ಗೆ ಒಂದೇ ಮಾತು. ಅಲರ್ಜಿ ತರುವ ಪದಾರ್ಥಗಳನ್ನು ಮರೆಯದೆ ಬರೆಯಿರಿ. ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ, ಸೋಯಾ, ಗೋಡಂಬಿ ಬಾದಾಮಿಯಂಥವು, ಮೀನು, ಸಿಗಡಿ ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಒಬ್ಬರಿಗೆ ರುಚಿಯಾದದ್ದು ಇನ್ನೊಬ್ಬರಿಗೆ ಪ್ರಾಣಕ್ಕೆ ಬರಬಹುದು. ಮನೆಯಲ್ಲಿ ಒಂದೇ ಮಿಕ್ಸಿಯಲ್ಲಿ ಎಲ್ಲ ರುಬ್ಬುತ್ತೇವೆ. ಲೈಸೆನ್ಸ್ ಪಡೆದ ಮೇಲೆ ಹಾಗೆ ಮಾಡುವಂತಿಲ್ಲ. ಮಾಡಲೇಬೇಕಾದರೆ ನಡುವೆ ಪೂರ್ತಿ ತೊಳೆದು, ತೊಳೆದದ್ದನ್ನು ಬರೆದಿಡಬೇಕು.

ಜಾಗ, ದುಡ್ಡು, ಮತ್ತು ಲೆಕ್ಕಕ್ಕೆ ಬಾರದ ಕೆಲಸ

ಜಾಗದ ವಿಷಯ ಬೇಗ ಮುಗಿಸುತ್ತೇನೆ. ಅದನ್ನು ಎಲ್ಲರೂ ಹೇಳಿಕೊಡುತ್ತಾರೆ. ಸಾಮಾನು ಒಂದು ಕಡೆಯಿಂದ ಒಳಗೆ ಬಂದು, ತಯಾರಾದ ಬಾಟಲಿ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ಮಣ್ಣು ಮೆತ್ತಿದ ತರಕಾರಿ, ತೊಳೆದ ಬಾಟಲಿ ಒಂದೇ ಮೇಜಿಗೆ ಬರಬಾರದು. ಕೈ ತೊಳೆಯುವುದಕ್ಕೇ ಬೇರೆ ಸಿಂಕ್ ಇರಬೇಕು. ಮೊದಲು ಸೋಪಿನಿಂದ ಜಿಡ್ಡು ತೆಗೆದು, ಆಮೇಲೆ ಕ್ರಿಮಿನಾಶಕ ಹಾಕಿ, ಅದಕ್ಕೆ ಹೇಳಿದಷ್ಟು ಹೊತ್ತು ಬಿಡಬೇಕು. ಜಿಡ್ಡಿನ ಮೇಲೆ ಎಷ್ಟು ಕ್ರಿಮಿನಾಶಕ ಸುರಿದರೂ ದಂಡ. ಬೆಕ್ಕು, ನಾಯಿ, ಆಟವಾಡುವ ಮಕ್ಕಳು ಈ ಜಾಗದಲ್ಲಿ ಇರಕೂಡದು. ಮನೆಯ ಅಡುಗೆಮನೆಗೆ ಮೇಲಿನ ದರ್ಜೆಯ ಲೈಸೆನ್ಸ್ ಸಿಗುವುದು ಕಷ್ಟವಾಗುವುದು ಮುಖ್ಯವಾಗಿ ಇದಕ್ಕೇ. ಅಲ್ಲಿ ಸಂಸಾರವೂ ನಡೆಯಬೇಕಲ್ಲ.

ಹಾಗಂತ ಕೂಡಲೇ ಸ್ವಂತ ಘಟಕ ಕಟ್ಟಬೇಕಿಲ್ಲ. ಲೈಸೆನ್ಸ್ ಇರುವ ಅಡುಗೆಮನೆಯನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ದಾರಿ ಇದೆ. ನಿಮ್ಮ ರೆಸಿಪಿ ಕೊಟ್ಟು ಬೇರೆ ಘಟಕದಲ್ಲಿ ಮಾಡಿಸಿಕೊಳ್ಳುವುದೂ ಇದೆ. ಎರಡನೆಯದರಲ್ಲಿ ರೆಸಿಪಿಯ ಗುಟ್ಟು ಕಾಯಲು ಬರಹದಲ್ಲಿ ಒಪ್ಪಂದ ಇರಲಿ. ಅವರು ಒಂದು ಸಲಕ್ಕೆ ಕನಿಷ್ಠ ಎಷ್ಟು ಮಾಡುತ್ತಾರೆ ಅಂತ ಮೊದಲೇ ಕೇಳಿ. ಅದು ನೀವು ಮಾರುವುದಕ್ಕಿಂತ ಜಾಸ್ತಿ ಇರುತ್ತದೆ. ನನ್ನ ಕೇಳಿದರೆ ಮೊದಲ ವರ್ಷ ಬಾಡಿಗೆ ಅಡುಗೆಮನೆಯೇ ಒಳ್ಳೆಯದು. ಯಾವ ಮಿಷನ್ ನಿಜಕ್ಕೂ ಬೇಕು, ಯಾವುದು ಬೇಡ ಅಂತ ಅಲ್ಲೇ ಗೊತ್ತಾಗುತ್ತದೆ. ಸಾಲ ಮಾಡಿ ತಂದ ಮಿಷನ್ ಮೇಲೆ ಬಟ್ಟೆ ಹೊದಿಸಿ ಇಟ್ಟಿರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ತುಂಬುವ ಮಿಷನ್ ಬಂದಿರುತ್ತದೆ. ತುಂಬಲು ಬೇಕಾದಷ್ಟು ಆರ್ಡರ್ ಬಂದಿರುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಮನೆಯವರು ಮಾಡುವ ದೊಡ್ಡ ತಪ್ಪು ತಮ್ಮ ದುಡಿಮೆಯನ್ನೇ ಲೆಕ್ಕಕ್ಕೆ ಹಿಡಿಯದಿರುವುದು. ಬಾಟಲಿ ತೊಳೆದದ್ದು, ಒರೆಸಿದ್ದು, ಲೇಬಲ್ ಅಂಟಿಸಿದ್ದು, ರಾತ್ರಿ ಹನ್ನೊಂದಕ್ಕೆ ಗಿರಾಕಿಗೆ ಉತ್ತರ ಕೊಟ್ಟದ್ದು ಯಾವುದೂ ಬೆಲೆಯಲ್ಲಿ ಸೇರಿರುವುದಿಲ್ಲ. ಇದರಲ್ಲಿ ಹೆಚ್ಚಿನದು ಹೆಂಗಸರ ದುಡಿಮೆ. "ಮನೆಯಲ್ಲೇ ಇರ್ತೀಯಲ್ಲ" ಅನ್ನುವ ಮಾತಿನಲ್ಲಿ ಅದು ಮುಚ್ಚಿಹೋಗುತ್ತದೆ. ಘಟಕವಾದ ದಿನ ಅದೇ ಕೆಲಸಕ್ಕೆ ಸಂಬಳ ಕೊಡಬೇಕು. ಅಂಗಡಿಯವರಿಗೆ ಪಾಲು ಬೇಕು, ನಡುವೆ ವಿತರಕರಿದ್ದರೆ ಅವರಿಗೂ ಪಾಲು. ಲ್ಯಾಬ್, ಬಾಡಿಗೆ, ಕರೆಂಟು, ಒಡೆದ ಬಾಟಲಿ, ವಾಪಸ್ ಬಂದ ಮಾಲು ಎಲ್ಲ ಸೇರುತ್ತದೆ. ಮನೆ ಬೆಲೆಯಲ್ಲೇ ಅಂಗಡಿಗೆ ಕೊಡಲು ಹೋದರೆ ಮಾರಿದಷ್ಟೂ ನಷ್ಟ. ಅದೂ ಅಲ್ಲದೆ ಅಂಗಡಿಯವರು ಉದ್ರಿ ಕೇಳುತ್ತಾರೆ. ಸಾಮಾನು ತಂದವರಿಗೆ ಇವತ್ತೇ ದುಡ್ಡು ಕೊಡಬೇಕು. ಮಾರಿದ ದುಡ್ಡು ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಬೇಡಿಕೆ ಚೆನ್ನಾಗಿದ್ದಾಗಲೇ ಚಿಕ್ಕ ಘಟಕಗಳು ಮುಚ್ಚುವುದು ಈ ನಡುವಿನ ತಿಂಗಳುಗಳಲ್ಲಿ.

ನಡುವಿನ ಮೆಟ್ಟಿಲು ಎಲ್ಲಿದೆ?

ಇಲ್ಲಿಯವರೆಗೆ ಮಾಡುವವರ ಜವಾಬ್ದಾರಿ ಹೇಳಿದೆ. ನಿಯಮ ಮಾಡುವವರದ್ದೂ ಒಂದು ಮಾತಿದೆ. ಬಹಳ ಕಡೆ ಮನೆ ಉದ್ಯಮಕ್ಕೆ ಒಂದು ಸುಲಭದ ನೋಂದಣಿ ಇರುತ್ತದೆ. ಮಾರಾಟ ಒಂದು ಮಿತಿ ದಾಟಿದ ದಿನ ಕಾರ್ಖಾನೆಯ ನಿಯಮಗಳು ಒಟ್ಟಿಗೇ ಮೈಮೇಲೆ ಬೀಳುತ್ತವೆ. ಮಿತಿಯ ಒಳಗೆ ಉಳಿಯಬೇಕು ಅಂತ ಬೇಕೆಂದೇ ಕಡಿಮೆ ಮಾರುವವರಿದ್ದಾರೆ. ಲೆಕ್ಕ ತೋರಿಸದೆ ಮಾರುವವರೂ ಇದ್ದಾರೆ. ಎರಡರಿಂದಲೂ ತಿನ್ನುವವರಿಗೆ ಒಳ್ಳೆಯದಾಗುವುದಿಲ್ಲ.

ಮಾರಾಟದ ಮೊತ್ತವೊಂದನ್ನೇ ನೋಡಿ ಗೆರೆ ಎಳೆಯುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಒಣ ಬಿಸ್ಕೆಟ್ ಲಕ್ಷಗಟ್ಟಲೆ ಮಾಡಿದರೂ ಬೊಟುಲಿಸಂ ಭಯ ಇಲ್ಲ. ಎಣ್ಣೆಯಲ್ಲಿ ಹಾಕಿದ ಬೆಳ್ಳುಳ್ಳಿ ಹತ್ತೇ ಬಾಟಲಿ ಮಾಡಿದರೂ ಭಯ ಇದೆ. ಗೆರೆ ಎಳೆಯಬೇಕಾದದ್ದು ಅಪಾಯ ನೋಡಿ. ಕೋಡೆಕ್ಸ್‌ನ ಆಹಾರ ನೈರ್ಮಲ್ಯದ ಮೂಲ ತತ್ವಗಳೇ ಚಿಕ್ಕ ಉದ್ಯಮಗಳಿಗೆ ಅವುಗಳ ಸ್ಥಿತಿಗೆ ತಕ್ಕಂತೆ ಸಡಿಲಿಕೆ ಇರಬೇಕು ಅನ್ನುತ್ತವೆ. ಯುರೋಪಿನ 2004ರ ನೈರ್ಮಲ್ಯ ಕಾನೂನಿನಲ್ಲೂ ಚಿಕ್ಕವರಿಗಾಗಿ ಇಂಥ ಸಡಿಲಿಕೆಗೆ ಜಾಗ ಇದೆ. ಸುರಕ್ಷತೆ ಸಡಿಲವಾಗಬೇಕಿಲ್ಲ. ಅದನ್ನು ತೋರಿಸುವ ವಿಧಾನ ಸರಳವಾದರೆ ಸಾಕು. ಮೂವತ್ತು ಪುಟದ ದಾಖಲೆಯ ಬದಲು ಗೋಡೆಗೆ ಅಂಟಿಸುವ ಒಂದು ಹಾಳೆ. ಮೊದಲ ಭೇಟಿಯಲ್ಲಿ ದಂಡದ ಬದಲು ತಿಳಿಹೇಳುವುದು. ಹತ್ತು ಜನ ಹಂಚಿಕೊಳ್ಳುವ ಒಂದು ಸಾರ್ವಜನಿಕ ಅಡುಗೆಮನೆ, ಅಲ್ಲೇ ಒಂದು ಪಿಎಚ್ ಮೀಟರ್, ಅದನ್ನು ಹಿಡಿಯಲು ಕಲಿಸುವ ಒಬ್ಬರು. ಇಷ್ಟಿದ್ದರೆ ಇನ್ನೂರು ಬಾಟಲಿಯ ಹತ್ತಿರ ನಿಂತವರಲ್ಲಿ ಬಹಳ ಜನ ದಾಟುತ್ತಾರೆ.

ಫ್ರಾನ್ಸಿನ ನಿಕೋಲಾ ಅಪೆರ್ ಮೊದಲು ಮಿಠಾಯಿ ಮಾಡುವವನು. ಗಾಜಿನ ಬಾಟಲಿಯಲ್ಲಿ ಆಹಾರ ತುಂಬಿ, ಬಿಗಿಯಾಗಿ ಮುಚ್ಚಿ, ಕುದಿಯುವ ನೀರಿನಲ್ಲಿ ಕಾಯಿಸಿ ಕೆಡದಂತೆ ಇಡುವುದನ್ನು ವರ್ಷಗಟ್ಟಲೆ ಮಾಡಿ ನೋಡಿ ಕಂಡುಕೊಂಡ. 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನವೂ ಬಂತು. ಅದು ಯಾಕೆ ಕೆಡುವುದಿಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ. ಅದನ್ನು ವಿಜ್ಞಾನಿ ಲೂಯಿ ಪಾಶ್ಚರ್ ಹೇಳಿದ್ದು ಹಲವು ದಶಕಗಳ ನಂತರ. ಆದರೆ ಬಹುಮಾನಕ್ಕೆ ಒಂದು ಷರತ್ತಿತ್ತು: ತನ್ನ ವಿಧಾನವನ್ನು ಎಲ್ಲರೂ ಓದುವಂತೆ ಬರೆದು ಪ್ರಕಟಿಸಬೇಕು. ಅಪೆರ್ ಬರೆದ.

ಅತ್ತಿಗೆಯ ಪುಸ್ತಕವೂ ಈಗ ದಪ್ಪವಾಗಿದೆ. ಮೂಲೆಗಳಲ್ಲಿ ಎಣ್ಣೆ ಕಲೆ, ನಡುನಡುವೆ ಟೊಮೆಟೊ ಬಣ್ಣದ ಬೆರಳಿನ ಗುರುತು. ತಪಾಸಣೆಗೆ ಬಂದವರು ಮೊದಲು ಗೋಡೆ ನೋಡಲಿಲ್ಲ. ಕಪಾಟಿನಿಂದ ಒಂದು ಬಾಟಲಿ ಎತ್ತಿ, ಅದರ ನಂಬರ್ ಓದಿ, "ಇದರ ಪುಟ ತೋರಿಸಿ ಅಮ್ಮಾ" ಅಂದರು. ಅತ್ತಿಗೆ ಕೈ ಒರೆಸಿಕೊಂಡು ಪುಟ ತಿರುವಿದರು. ದಿನಾಂಕ, ಟೊಮೆಟೊ ತಂದ ಕಡೆ, ತೂಕ, ಪಿಎಚ್, ತುಂಬಿದಾಗಿನ ಬಿಸಿ, ಎಷ್ಟು ಬಾಟಲಿ, ಯಾವ ಅಂಗಡಿಗೆ. ಕೊನೆಯ ಸಾಲಿನಲ್ಲಿ ಅವರದೇ ಅಕ್ಷರದಲ್ಲಿ: "ಎರಡು ಮುಚ್ಚಳ ಸರಿ ಕೂರಲಿಲ್ಲ, ತೆಗೆದಿಟ್ಟೆ." ಬಂದವರು ಆ ಸಾಲನ್ನು ಎರಡು ಸಲ ಓದಿ, ಆ ಎರಡು ಬಾಟಲಿ ಎಲ್ಲಿವೆ ಅಂತ ಕೇಳಿದರು. ಅತ್ತಿಗೆ ಒಳಗೆ ಹೋಗಿ ತಂದು ಮೇಜಿನ ಮೇಲಿಟ್ಟರು.